ಜೋಡಿ ಸೌಟು

ಪೇಟೆಯಲ್ಲಿ ಅವನನ್ನು ಮುಳ್ಳಯ್ಯ ಎಂದು ಕರೆಯುತ್ತಿದ್ದರು. ತಕ್ಕಡಿಯ ಮುಳ್ಳು ನೋಡಿ ನೋಡಿ ಬಂದ ಹೆಸರೋ, ಮಾತಿನಲ್ಲಿ ಮುಳ್ಳಿದೆ ಎಂದು ಇಟ್ಟ ಹೆಸರೋ, ಇಟ್ಟವರು ಯಾರೂ ಈಗ ಉಳಿದಿಲ್ಲವಾದ್ದರಿಂದ ಕೇಳುವಂತಿಲ್ಲ. ನಲವತ್ತೆರಡು ವರ್ಷದಿಂದ ಅವನ ಕೆಲಸ ಒಂದೇ: ತಪ್ಪು ತೂಗುವ ತಕ್ಕಡಿಗಳನ್ನು ಸರಿ ತೂಗುವಂತೆ ಮಾಡುವುದು. ದಿನಸಿ ಅಂಗಡಿಯ ತಕ್ಕಡಿ, ಗೋದಾಮಿನ ಕಬ್ಬಿಣದ ತಕ್ಕಡಿ, ಔಷಧಿ ಅಂಗಡಿಯವರು ಗಾಜಿನ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುವ ಪುಟಾಣಿ ತಕ್ಕಡಿ, ಎಲ್ಲವೂ ಅವನ ಕೈ ದಾಟಿಯೇ ಹೋಗಬೇಕು. ಅಂಗೈಯಲ್ಲಿ ಒಂದು ಈರುಳ್ಳಿ ಇಟ್ಟರೆ ಇಷ್ಟು ಗ್ರಾಂ ಎಂದು ಹೇಳುತ್ತಿದ್ದ. ತೂಗಿ ನೋಡಿದರೆ ಐದು ಗ್ರಾಂ ಆಚೆ ಈಚೆ, ಅಷ್ಟೆ. "ನನ್ನ ಕೈ ಸುಳ್ಳು ಹೇಳಲ್ಲ. ಬಾಯಿ ಬೇಕಾದ್ರೆ ಹೇಳ್ಲಿ" ಎನ್ನುವುದು ಅವನ ಮಾಮೂಲಿ ಜಂಬ.

ಅಂಥವನ ಅಳತೆ ತಪ್ಪಿದ್ದು ತನ್ನ ಮನೆಯ ಒಲೆಯ ಮುಂದೆಯೇ.

ಹೆಂಡತಿ ಹೋಗಿ ನಾಲ್ಕು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಒಣಗಿದ ಬಟ್ಟೆ ಮಡಚುತ್ತಾ ಕೂತವಳು ಹಾಗೇ ಗೋಡೆಗೆ ಒರಗಿದಳು, ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಬಂದವರು ಬಂದು ಹೋದ ಮೇಲೆ ಮನೆಯಲ್ಲಿ ಉಳಿದದ್ದು ಅವನು, ಅರ್ಧ ಮಡಚಿದ ಒಂದು ಅಂಗಿ, ಮತ್ತು ಅಡುಗೆಮನೆ. ಅಡುಗೆಯೇನು ಬ್ರಹ್ಮವಿದ್ಯೆಯೇ ಎಂದು ಸೊಂಟ ಕಟ್ಟಿ ನಿಂತ. ಅವಳು ದಿನಾ ಅಕ್ಕಿ ಅಳೆಯುತ್ತಿದ್ದ ಲೋಟ ಡಬ್ಬಿಯೊಳಗೇ ಇತ್ತು. ಅದರಲ್ಲಿ ಒಂದು ಲೋಟ ಅಕ್ಕಿ ಇಟ್ಟ. ಬೇಳೆ ಬೇಯಿಸಿ ಉಪ್ಪು ಖಾರ ಹಾಕಿ ಸಾರೆಂದು ಕರೆದ. ಗೋಡೆಗೆ ತೂಗುಹಾಕಿದ್ದ ಹಿತ್ತಾಳೆ ಸೌಟು ತೆಗೆದು ಮೂರು ಸೌಟು ಅನ್ನ ಬಡಿಸಿಕೊಂಡ. ಸರಿಯಾಗಿ ಮೂರನೆಯದಕ್ಕೆ ಪಾತ್ರೆಯ ತಳ ಕಂಡಿತು. ನೋಡಿದೆಯಾ, ಅಳತೆ ಹೇಗೆ ಕೂಡಿತು ಎಂದು ಯಾರಿಗೋ ಹೇಳಲು ತಲೆ ಎತ್ತಿದ. ಯಾರೂ ಇರಲಿಲ್ಲ.

ಒಂದು ವಿಷಯದಲ್ಲಂತೂ ಅವನು ಅವಳನ್ನು ಮೀರಿಸಿದ್ದ. ಅವಳಿದ್ದಾಗ ಅನ್ನ ಎಂದೂ ಹೊತ್ತಿಗೆ ಸರಿಯಾಗಿ ಆಗಿದ್ದಿಲ್ಲ. ಹಸಿದು ಬಂದು ಕೂತರೆ, "ಇನ್ನೊಂದು ಗಳಿಗೆ ಕಣ್ರೀ, ಅಷ್ಟರಲ್ಲಿ ಇದನ್ನ ತಿಂತಾ ಇರಿ" ಎಂದು ಒಂದು ಬಟ್ಟಲು ತುಂಬ ಬೇಯಿಸಿದ ಬೀನ್ಸೋ, ಎಲೆಕೋಸೋ, ಹೆಚ್ಚಿದ ಸೌತೆಕಾಯಿಯೋ ಮುಂದಿಡುತ್ತಿದ್ದಳು. ವರ್ಷಗಟ್ಟಲೆ ಅದೇ ಗೋಳು. "ನಿನ್ನ ಒಲೆಗೆ ಗಡಿಯಾರ ಕಟ್ಟಬೇಕು" ಎಂದು ಅವನು ರೇಗುತ್ತಲೇ ಬಟ್ಟಲು ಖಾಲಿ ಮಾಡುತ್ತಿದ್ದ. ಈಗ ಒಂದು ಗಂಟೆ ಎಂದರೆ ಒಂದು ಗಂಟೆಗೇ ಅನ್ನ. ಬಟ್ಟಲಿನ ಹಂಗಿಲ್ಲ.

ಮರೆವು ಇನ್ನೊಂದು. ಊಟ ಮುಗಿಸಿ ಕೈ ಒರೆಸಿಕೊಳ್ಳುವಷ್ಟರಲ್ಲಿ, "ಅಯ್ಯೋ, ಬೆಂಕಿಪೊಟ್ಟಣ ಮುಗಿದುಹೋಗಿದೆ!" ಎನ್ನುತ್ತಿದ್ದಳು. ಅದೂ ಪಕ್ಕದ ಅಂಗಡಿಯದಾಗದು, ಅಲ್ಲಿನ ಕಡ್ಡಿ ಹತ್ತುವುದಿಲ್ಲ. ಬೀದಿ ಕೊನೆಯ ಅಂಗಡಿಯದೇ ಆಗಬೇಕು. ಹೋಗಿ ಬರಲು ಇಪ್ಪತ್ತು ನಿಮಿಷ. ಅವಳು ಸತ್ತ ವಾರದಲ್ಲಿ ಅಕ್ಕಿ ಡಬ್ಬಿಯ ಹಿಂದೆ ಕೈ ಹಾಕಿದಾಗ ಒಡೆಯದ ಬೆಂಕಿಪೊಟ್ಟಣಗಳು ನಲವತ್ತಮೂರು ಸಿಕ್ಕಿದ್ದವು. ಪಾಪ, ಅರಳುಮರಳು ಶುರುವಾಗಿತ್ತು, ನಾನು ಗಮನಿಸಲಿಲ್ಲ ಎಂದು ಅವನು ಮರುಗಿದ್ದ.

ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಉಣ್ಣುವುದು ಅವನ ರೂಢಿ, ಅಂಗಡಿಯ ಸ್ಟೂಲಿನ ಮೇಲೆ ಕೂತು ಉಂಡು ಉಂಡು ಬಂದದ್ದು. ಈ ನಾಲ್ಕು ತಿಂಗಳಿಂದ ತಟ್ಟೆ ಭಾರ ಅನ್ನಿಸುತ್ತಿತ್ತು. ಅದೇ ತಟ್ಟೆ, ಅದೇ ಮೂರು ಸೌಟು. ಒಂಟಿಯಾಗಿ ಉಣ್ಣುವವನಿಗೆ ಹಾಗೆ ಅನ್ನಿಸುತ್ತದೇನೋ, ದುಃಖದ ಭಾರವಿರಬೇಕು ಎಂದುಕೊಂಡು ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣತೊಡಗಿದ.

ಸಕ್ಕರೆ ಕಾಯಿಲೆ ಹನ್ನೊಂದು ವರ್ಷದ ಹಳೆಯ ನೆಂಟ. ಮಾತ್ರೆ ನುಂಗಿಕೊಂಡು ಅದನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದೇನೆ, ನನ್ನ ಮೈಕಟ್ಟೇ ಅಂಥದು ಎಂದು ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಿದ್ದ. ಈಗ ಬಂದ ಹೊಸ ಕಷ್ಟ ಕಣ್ಣಿನದು. ಎಡಗಣ್ಣಿಗೆ ಪೊರೆ ಬಲಿತು ಹಾಲಿನ ಕೆನೆಯಂತಾಗಿತ್ತು, ಬಲಗಣ್ಣಿಗೂ ಮಂಜು ಕವಿಯುತ್ತಿತ್ತು. ತಕ್ಕಡಿಯ ಮುಳ್ಳು ನಡುಗೆರೆಯ ಮೇಲೆ ನಿಂತಿದೆಯೋ ಪಕ್ಕದಲ್ಲಿದೆಯೋ ತಿಳಿಯದು. ಔಷಧಿ ಅಂಗಡಿಯವನು ಸರಿಹೋಗದ ತಕ್ಕಡಿಯನ್ನು ಒಮ್ಮೆ ವಾಪಸ್ ತಂದು, ಇನ್ನೊಮ್ಮೆ ತಂದು, ಮೂರನೆಯ ಸಲ ಬರಲೇ ಇಲ್ಲ. ಅಂಗಡಿಗೆ ಜನ ಬರದಿದ್ದರೆ ಮುಳ್ಳಯ್ಯನ ಹತ್ತಿರ ಇಡೀ ದಿನ ಒಂದು ಮಾತಾಡುವವರಿಲ್ಲ. ಅಂಗಡಿ ಹೋದರೆ ಉಳಿಯುವುದು ಮನೆ. ಮನೆಯಲ್ಲಿ ನಲ್ಲಿ ಬಿಟ್ಟರೆ ಸದ್ದು ಮಾಡುವವರು ಯಾರೂ ಇರಲಿಲ್ಲ.

ಕಣ್ಣಿನ ಡಾಕ್ಟರು ರಕ್ತ ಪರೀಕ್ಷೆಯ ಚೀಟಿ ನೋಡಿ ತಲೆ ಅಲ್ಲಾಡಿಸಿದರು. "ಮೂರು ತಿಂಗಳ ಸರಾಸರಿ ಸಕ್ಕರೆ ಮೊದಲು ಏಳಿತ್ತು, ಈಗ ಹತ್ತರ ಹತ್ತಿರ ಬಂದಿದೆ. ಹೀಗಿರುವಾಗ ನಾನು ಕಣ್ಣಿಗೆ ಕೈ ಹಾಕಲ್ಲ, ಗಾಯ ಮಾಯದೆ ಹೋದ್ರೆ ಇರೋದೂ ಹೋಗುತ್ತೆ. ಎಂಟರ ಕೆಳಗೆ ಇಳಿಸ್ಕೊಂಡು ಬನ್ನಿ, ಮಾರನೇ ದಿನವೇ ಮಾಡೋಣ." ಎಂದು ಊಟದ ವಿಷಯ ಹೇಳುವ ಮೇಡಂ ಹತ್ತಿರ ಕಳಿಸಿದರು.

ಊಟದ ಮೇಡಂ ಎಂದರೆ ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಮೇಜಿನ ಮೇಲೆ ರಬ್ಬರಿನ ಟೊಮೆಟೊ, ರಬ್ಬರಿನ ಬ್ರೆಡ್ಡು ಜೋಡಿಸಿಕೊಂಡು ಕೂತಿದ್ದಳು.

"ಯಜಮಾನ್ರೇ, ಮನೇಲಿ ಏನು ಊಟ?"

"ಅನ್ನ, ಸಾರು. ಮೂರು ಸೌಟು ಅನ್ನ. ನನ್ನ ಹೆಂಡತಿ ಬಡಿಸ್ತಿದ್ದದ್ದೂ ಅಷ್ಟೇ, ನಾನು ಬಡಿಸ್ಕೊಳ್ಳೋದೂ ಅಷ್ಟೇ. ಗುಲಗಂಜಿ ಹೆಚ್ಚಿಲ್ಲ."

"ತರಕಾರಿ?"

"ಹೆಚ್ಚೋಕೆ ಕಣ್ಣು ಕಾಣಲ್ಲ."

"ಮಧ್ಯದಲ್ಲಿ ಏನಾದ್ರೂ ಸಿಹಿಗಿಹಿ..."

"ನೋಡಮ್ಮ, ಕದ್ದು ತಿನ್ನೋ ವಯಸ್ಸು ನಂದಲ್ಲ."

"ನಾನು ಕದ್ರಿ ಅಂದ್ನಾ? ಆ ಕುರ್ಚಿಲಿ ಕೂತವರೆಲ್ಲ ಏನೂ ತಿಂದಿಲ್ಲ ಅಂತಾರೆ. ಸಕ್ಕರೆ ಮಾತ್ರ ಗಾಳಿ ಕುಡಿದು ಏರುತ್ತೆ" ಎಂದು ನಕ್ಕಳು. ಆಮೇಲೆ ಕಾಗದದ ಮೇಲೆ ದಪ್ಪ ಪೆನ್ನಿನಲ್ಲಿ ಒಂದು ತಟ್ಟೆ ಬರೆದಳು. ನಡುವೆ ಗೆರೆ. "ಈ ಅರ್ಧ ಪೂರ್ತಿ ತರಕಾರಿ, ಸೊಪ್ಪು. ಇದನ್ನ ಮೊದಲು ತಿನ್ನಿ. ಉಳಿದ ಅರ್ಧದಲ್ಲಿ ಇಲ್ಲಿ ಬೇಳೆನೋ ಕಾಳೋ ಮೊಟ್ಟೆನೋ. ಈ ಮೂಲೆಯಷ್ಟೇ ಅನ್ನ, ನೂರೈವತ್ತು ಗ್ರಾಂ ಸಾಕು. ಉಂಡ ಮೇಲೆ ಒಂದು ಸುತ್ತು ನಡೆದು ಬನ್ನಿ. ಸಕ್ಕರೆ ಇಳೀಲಿ ಅಂತ ಊಟ ಬಿಟ್ಟೀರ ಮತ್ತೆ! ಮಾತ್ರೆ ನುಂಗಿ ಉಪವಾಸ ಬಿದ್ರೆ ತಲೆ ತಿರುಗಿ ಬೀಳ್ತೀರಿ." ಪೆನ್ನು ಮುಚ್ಚುತ್ತಾ ಕೇಳಿದಳು, "ಅಂದಹಾಗೆ, ನಿಮ್ಮ ಸೌಟು ಎಷ್ಟು ದೊಡ್ಡದು?"

ಮುಳ್ಳಯ್ಯನಿಗೆ ಸಿಟ್ಟು ನೆತ್ತಿಗೇರಿತು. "ಸೌಟು ಸೌಟಿನಷ್ಟು ದೊಡ್ಡದು! ನಮ್ಮ ಮದುವೆಗೆ ಬಂದ ಜೋಡಿ ಸೌಟು ಅದು, ಎರಡೂ ಒಂದೇ ಅಚ್ಚು. ಊರಿನ ತಕ್ಕಡಿಗೆಲ್ಲ ಅಳತೆ ಹೇಳಿದವನಿಗೆ ನೀನು ಅಳತೆ ಹೇಳ್ತೀಯಾ?"

"ನನಗೇನು, ನೀವೇ ಅಳೆದು ನೋಡಿ" ಎಂದಳು ಅವಳು ಮುನಿಯದೆ.

ಇಂಥದೇ ಕಾಗದವನ್ನು ಹನ್ನೊಂದು ವರ್ಷದ ಹಿಂದೆಯೂ ಕೊಟ್ಟಿದ್ದರು. ಅದನ್ನು ಅವನು ನಾಲ್ಕು ಮಡಿಕೆ ಮಾಡಿ ಅಲ್ಲಾಡುವ ಬೆಂಚಿನ ಕಾಲಡಿ ಇಟ್ಟಿದ್ದ. "ನನ್ನ ಮೂರು ಸೌಟಿಗೆ ಯಾರಾದ್ರೂ ಕೈ ಹಾಕಿದ್ರೆ ನೋಡು ಮತ್ತೆ!" ಎಂದು ಹೆಂಡತಿಗೆ ಗುಡುಗಿದ್ದ. ಅವಳು, "ಆಯ್ತು ಬಿಡಿ. ಮೂರು ಅಂದ್ರೆ ಮೂರೇ" ಎಂದಿದ್ದಳು. ಅಲ್ಲಿಗೆ ಆ ಮಾತು ಮುಗಿದಿತ್ತು.

ತೂಕ ತಪ್ಪಿದೆ ಎಂದರೆ ತಕ್ಕಡಿ ರಿಪೇರಿಯವನು ಮೊದಲು ಸಂಶಯಪಡುವುದು ಸರಕನ್ನಲ್ಲ, ತಕ್ಕಡಿಯನ್ನು. ಆಸ್ಪತ್ರೆಯ ಯಂತ್ರವೇ ಕೆಟ್ಟಿದೆ ಎಂದು ಅವನು ಇನ್ನೊಂದು ಕಡೆ ರಕ್ತ ಕೊಟ್ಟ. ಅಲ್ಲಿಯೂ ಅದೇ ಅಂಕಿ. ಹಟ ಬಂತು. ಬೇಡವೆಂದದ್ದನ್ನೇ ಮಾಡಿದ: ಮಾತ್ರೆ ನುಂಗಿ ಎರಡು ಹೊತ್ತು ಊಟ ಬಿಟ್ಟ. ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಕೈ ಗಡಗಡ ನಡುಗಿತು, ಅಂಗಿಯೆಲ್ಲ ಬೆವರಿನಿಂದ ಒದ್ದೆಯಾಯಿತು, ಕೈಯಲ್ಲಿದ್ದ ಅರ್ಧ ಕಿಲೋ ತೂಕದ ಬೊಟ್ಟು ಜಾರಿ ಕಾಲಿನ ಪಕ್ಕ ಬಿತ್ತು. ಸಂತೆಚೀಲದ ಮೂಲೆಯಲ್ಲಿ ಹೇಗೋ ಉಳಿದಿದ್ದ ಒಂದು ಬಾಳೆಹಣ್ಣು ತಿಂದು ಗೋಡೆಗೆ ಒರಗಿ ನೆಲದ ಮೇಲೆ ಕೂತ. ಬಿದ್ದಿದ್ದರೆ ಯಾರು ನೋಡುತ್ತಿದ್ದರು? ಸಂಜೆ ಬಾಗಿಲು ಹಾಕುವ ಹೊತ್ತಿಗೆ ಪಕ್ಕದ ಅಂಗಡಿಯವನು, ಮುಳ್ಳಯ್ಯ ಇವತ್ತು ಬೇಗ ಹೋದನೇ ಎಂದುಕೊಂಡು ಹೋಗುತ್ತಿದ್ದ, ಅಷ್ಟೆ.

ಆ ಭಯವೇ ಅವನನ್ನು ಭಾನುವಾರ ನಾದಿನಿಯ ಮನೆಗೆ ಕರೆದೊಯ್ದಿತು. ಹೆಂಡತಿಯ ತಂಗಿ, ಹೊಲಿಗೆಯವಳು, ಮೂರೇ ಬೀದಿ ಆಚೆ. ನಾಲ್ಕು ತಿಂಗಳಿಂದ ಕರೆಯುತ್ತಲೇ ಇದ್ದಳು, ಅವನು ಹೋಗಿರಲಿಲ್ಲ. ಅವಳು ಒಲೆಯ ಕಡೆ ತಿರುಗಿ ನಿಂತರೆ ಹಿಂದಿನಿಂದ ಅಕ್ಕನೇ.

"ಏನು ಭಾವ, ದಾರಿ ತಪ್ಪಿತಾ?" ಎಂದಳು ಬಾಗಿಲಲ್ಲೇ. "ಬನ್ನಿ ಬನ್ನಿ. ನಮ್ಮನೆ ತಕ್ಕಡಿ ಏನೂ ಕೆಟ್ಟಿಲ್ಲ, ಆದ್ರೂ ಬನ್ನಿ."

"ನಿನ್ನ ಬಾಯಿ ರಿಪೇರಿ ಮಾಡೋಣ ಅಂತ ಬಂದೆ."

"ಅದಕ್ಕೆ ನಿಮ್ಮ ಹತ್ರ ಸಾಮಾನು ಸಾಲಲ್ಲ."

ಅವಳ ಗಂಡ, ಮಕ್ಕಳು ಆಚೆ ಹೋಗಿದ್ದರು. ಅವಳು ತಟ್ಟೆ ಇಟ್ಟಳು. ಮೊದಲು ಹುರುಳಿಕಾಯಿ ಪಲ್ಯ, ಆಮೇಲೆ ಅನ್ನ. "ಅಕ್ಕ ಬಡಿಸಿದ ಹಾಗೇ ಬಡಿಸ್ತೀನಿ. ಒಂದು... ಎರಡು... ಮೂರು. ಸರೀನಾ? ಅಕ್ಕನ ಸೌಟೇ ಇದು. ಅಕ್ಕ ಹೋದ ಮೇಲೆ ನೀವೇ ಕೊಟ್ಟಿದ್ರಲ್ಲ, 'ಜೋಡಿ ತಾನೆ, ಒಂದು ನಿನಗಿರಲಿ ಒಂದು ನನಗಿರಲಿ' ಅಂತ."

ಮುಳ್ಳಯ್ಯ ಪಲ್ಯ ತಿಂದು ಮುಗಿಸಿ, ರೂಢಿಯಂತೆ ತಟ್ಟೆಯನ್ನು ಎಡಗೈಗೆ ಎತ್ತಿಕೊಂಡ. ಎತ್ತಿಕೊಂಡವನು ಹಾಗೇ ಕೂತ. ಹಗುರ. ನಾಲ್ಕು ತಿಂಗಳ ಹಿಂದೆ ಕೈಗೆ ಗೊತ್ತಿದ್ದ ತಟ್ಟೆಯ ಭಾರ ಇದು. ಒಂದು ಸಲ ಕೈಯನ್ನು ಮೇಲೆ ಕೆಳಗೆ ಆಡಿಸಿದ.

"ಮೂರೇ ಬಡಿಸಿದ್ಯಾ?"

"ಅಯ್ಯೋ, ಎಣಿಸಿ ಹಾಕಿದ್ನಲ್ಲ! ಬೇಕಾದ್ರೆ ಇನ್ನೆರಡು ಹಾಕಿಸ್ಕೊಳ್ಳಿ. ಈ ಸೌಟೂ ಒಂದು ಚಿಕ್ಕದು, ನಮ್ಮ ಮನೆ ಬಕಾಸುರರಿಗೆ ಬಡಿಸೋದ್ರಲ್ಲಿ ನನ್ನ ರೆಟ್ಟೆ ಬಿದ್ದುಹೋಗುತ್ತೆ."

"ಚಿಕ್ಕದಾ? ಕೊಡು ಇಲ್ಲಿ."

ಕಣ್ಣಿಗೆ ಅದು ಬರೀ ಹಳದಿ ಮಂಜಿನಂತೆ ಕಂಡಿತು. ಹೆಬ್ಬೆರಳಿನಿಂದ ಅಂಚನ್ನು ಸವರಿದ. ಅಚ್ಚಿನಿಂದ ಬಂದ ಸೌಟಿನ ಅಂಚು ದುಂಡಗೆ ನುಣುಪಾಗಿರುತ್ತದೆ. ಇದು ಚಪ್ಪಟೆ. ಲೋಹ ತೇಯುವ ಅರ ಹಾಕಿ ಉಜ್ಜಿದ ಅಂಚು. ಸುತ್ತಲೂ ಹೀಗೆಯೇ ಹೋಗಿ, ಹಿಡಿ ಬೆಸೆದ ಜಾಗಕ್ಕೆ ಬಂದಾಗ ಬೆರಳಿಗೆ ಒಂದು ಉಬ್ಬು ಸಿಕ್ಕಿತು. ಅಲ್ಲಿ ಮಾತ್ರ ಉಜ್ಜಲಾಗಿರಲಿಲ್ಲ. ಮೊದಲಿನ ಎತ್ತರ ಸಣ್ಣ ಕಿವಿಯ ಹಾಗೆ ಉಳಿದುಕೊಂಡಿತ್ತು. ಅದರ ಪಕ್ಕ ಬೆರಳಿಟ್ಟು ಅಳೆದ. ಒಂದು ಬೆರಳಿನ ಅಗಲದಷ್ಟು ಹಿತ್ತಾಳೆ ಹೋಗಿತ್ತು.

ಮನೆಯ ಪೆಟ್ಟಿಗೆಯಲ್ಲಿ ಅವನದೊಂದು ನಯವಾದ ಅರ ಇತ್ತು. ಆಗಾಗ ಅದರ ಹಲ್ಲುಗಳಲ್ಲಿ ಹಳದಿ ಪುಡಿ ಕೂತಿರುತ್ತಿತ್ತು. "ನನ್ನ ಅರ ಯಾರು ಮುಟ್ಟಿದ್ದು?" ಎಂದು ಕೂಗಾಡಿದರೆ, "ಇಲಿ ಮುಟ್ಟಿರಬೇಕು" ಎನ್ನುತ್ತಿದ್ದಳು. ಒಂದೇ ಸಲ ಉಜ್ಜಿದ್ದರೆ ಅವನ ಕೈಗೆ ಗೊತ್ತಾಗುತ್ತಿತ್ತು. ಈ ತಿಂಗಳು ಒಂದು ಕೂದಲೆಳೆ, ಮುಂದಿನ ತಿಂಗಳು ಇನ್ನೊಂದು ಕೂದಲೆಳೆ. ಹನ್ನೊಂದು ವರ್ಷ.

ಅವನು ಇದನ್ನು ಹೇಳಿದಾಗ ನಾದಿನಿ ಮೊದಲು ಬಾಯಿ ಮುಚ್ಚಿಕೊಂಡಳು, ಆಮೇಲೆ ಗೊಳ್ಳೆಂದು ನಕ್ಕಳು. ನಗುತ್ತಾ ನಗುತ್ತಾ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಕಳ್ಳಿ! ನನಗೂ ಒಂದು ಮಾತು ಹೇಳಿಲ್ಲ ನೋಡಿ ಭಾವ. ಊರಿಗೆಲ್ಲ ಅಳತೆಗಾರ ನೀವು. ಮನೇಲಿ ಕೂತು ನಿಮ್ಮ ಅಳತೇನೇ ಸವೆಸಿಬಿಟ್ಲಲ್ಲ!"

ಅವನು ನಗಲಿಲ್ಲ. ಸೌಟನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದ, "ನಿಮ್ಮಕ್ಕ ಎಷ್ಟು ಸೌಟು ಉಣ್ತಿದ್ಲು?"

ನಾದಿನಿ ಅವನ ಮುಖ ನೋಡಿದಳು. "ನನ್ನ ಕೇಳ್ತೀರಾ ಭಾವ? ಆ ಮನೇಲಿ ಅವಳ ಜೊತೆ ಇದ್ದವರು ಯಾರು?"

ಅವಳು ಚುಚ್ಚಬೇಕೆಂದು ಹೇಳಿದ್ದಲ್ಲ. ಆದರೆ ಚುಚ್ಚಿತು. ಅವನು ಉಂಡೆದ್ದು ಬೆಂಕಿಪೊಟ್ಟಣ ತರಲು ಹೋದಾಗ ಅವಳು ಉಣ್ಣುತ್ತಿದ್ದಳು. ಮೂವತ್ತೆಂಟು ವರ್ಷದ ಸಂಸಾರದಲ್ಲಿ ಅವಳ ತಟ್ಟೆಯನ್ನು ಅವನು ಒಮ್ಮೆಯೂ ನೋಡಿರಲಿಲ್ಲ.

ಸೌಟನ್ನು ವಾಪಸ್ ಕೇಳಲು ನಾಚಿಕೆಯಾಯಿತು. ನಾದಿನಿಯೇ ತೊಳೆದು ಒರೆಸಿ ಅವನ ಚೀಲಕ್ಕೆ ಹಾಕಿದಳು. "ಆ ದೊಡ್ಡದನ್ನ ನನಗೆ ಕಳಿಸಿಬಿಡಿ. ನಮ್ಮ ಮನೆಗೆ ಅದೇ ಸರಿ."

ಸಂಜೆ ಮನೆಗೆ ಬಂದವನು ದೀಪ ಹಾಕಿ, ಅಂಗಡಿಯಿಂದ ತಂದಿದ್ದ ಚಿಕ್ಕ ತಕ್ಕಡಿಯನ್ನು ಅಡುಗೆಕಟ್ಟೆಯ ಮೇಲೆ ನಿಲ್ಲಿಸಿದ. ಯಾವ ಅಳತೆಯನ್ನು ಎಲ್ಲಕ್ಕಿಂತ ಮೊದಲು ಪರೀಕ್ಷಿಸಬೇಕಿತ್ತೋ ಅದನ್ನು ಎಲ್ಲಕ್ಕಿಂತ ಕೊನೆಗೆ ಪರೀಕ್ಷಿಸಲು ಕೂತ. ಅವಳ ಲೋಟದಲ್ಲಿ ಒಂದು ಲೋಟ ಅಕ್ಕಿ ಬೇಯಿಸಿದ. ಚಿಕ್ಕ ಸೌಟಿನಲ್ಲಿ ಮೂರು ಸಲ ತೆಗೆದು ತೂಗಿದ. ಮುಳ್ಳು ಕಾಣದು, ಬೆರಳಿನಿಂದ ಮುಟ್ಟಿ ನೋಡಿದ. ನೂರೈವತ್ತು ಗ್ರಾಂ. ಊಟದ ಮೇಡಂ ಹೇಳಿದಷ್ಟೇ, ಗುಲಗಂಜಿ ಹೆಚ್ಚಿಲ್ಲ.

ಆದರೆ ಈ ಸಲ ಪಾತ್ರೆಯ ತಳ ಕಾಣಲಿಲ್ಲ. ಅನ್ನ ಇನ್ನೂ ಉಳಿದಿತ್ತು. ಅದನ್ನೂ ಕೆರೆದು ತೆಗೆದು ತೂಗಿದ. ನೂರ ಮೂವತ್ತೈದು.

ಎರಡೂ ಗುಡ್ಡೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದ. ಲೋಟ ಒಬ್ಬರ ಲೋಟವಾಗಿರಲಿಲ್ಲ. ಮೂರು ಸೌಟು ಅವನದು, ಉಳಿದದ್ದು ಅವಳದು. ಕೇಳಲು ಯಾರೂ ಇಲ್ಲವೆಂದುಕೊಂಡಿದ್ದ ಮಾತಿಗೆ ತಕ್ಕಡಿ ಉತ್ತರ ಹೇಳಿತ್ತು. ನಾಲ್ಕು ತಿಂಗಳಿಂದ ಅವನು ಎರಡು ಹೊತ್ತೂ ಅವಳ ಪಾಲನ್ನೂ ಸೇರಿಸಿ ಉಂಡಿದ್ದ. ದುಃಖದ ಭಾರ ಎಂದುಕೊಂಡಿದ್ದು ಅವಳ ಊಟದ ಭಾರ.

ಎಡಗೈ ನಾಲ್ಕು ತಿಂಗಳು ನಿಜವನ್ನೇ ಹೇಳುತ್ತಿತ್ತು. ಅವನೇ ನಂಬಿರಲಿಲ್ಲ.

ಮಾರನೆಯ ದಿನದಿಂದ ಹೊಸ ಪಾಠ ಶುರುವಾಯಿತು. ಹೊಸದೇನಲ್ಲ, ಹಳೆಯದೇ; ಮೇಷ್ಟ್ರು ಮಾತ್ರ ಇಲ್ಲ. ಅಂಗಡಿಯಿಂದ ಬಂದ ಮೇಲೆ ಅಕ್ಕಿ ಒಲೆಗಿಡುವುದು, ಅದು ಬೇಯುವ ತನಕ ಒಂದು ಬಟ್ಟಲು ತರಕಾರಿ. ಸಣ್ಣಗೆ ಹೆಚ್ಚಲು ಕಣ್ಣು ಸಾಲದ್ದಕ್ಕೆ ಬೀನ್ಸನ್ನು ಕೈಯಲ್ಲೇ ಮುರಿದು ಹಾಕಿದ, ಎಲೆಕೋಸನ್ನು ಹರಿದು ಹಾಕಿದ. ಸಾರು ಗಟ್ಟಿಯಾಗುವಷ್ಟು ಬೇಳೆ, ಇಲ್ಲದಿದ್ದರೆ ಎರಡು ಮೊಟ್ಟೆ. ಭಾನುವಾರ ಕೂತು ವಾರಕ್ಕಾಗುವಷ್ಟು ಕಾಳು ಬೇಯಿಸಿ ಡಬ್ಬಿಗಳಲ್ಲಿ ಪಾಲು ಮಾಡಿ ಫ್ರಿಜ್ಜಿನಲ್ಲಿ ಜೋಡಿಸಿದ, ಅಂಗಡಿಯಲ್ಲಿ ಬೊಟ್ಟುಗಳನ್ನು ಜೋಡಿಸಿದ ಹಾಗೆ. ಬಟ್ಟಲು ಖಾಲಿಯಾಗುವ ಹೊತ್ತಿಗೆ ಅರ್ಧ ಹಸಿವು ಇಂಗಿರುತ್ತಿತ್ತು. ಅನ್ನ ತಡವಾಗುತ್ತಿರಲಿಲ್ಲ, ಅವಳು ತಡ ಮಾಡುತ್ತಿದ್ದಳು. ಒಲೆಗೆ ಗಡಿಯಾರ ಕಟ್ಟಬೇಕು ಎಂದವನು ಈಗ ಗಡಿಯಾರ ನೋಡಿಕೊಂಡು ತಡವಾಗಿ ಉಣ್ಣುತ್ತಿದ್ದ.

ಒಂದೇ ಒಂದು ಕೆಲಸಕ್ಕೆ ಕೈ ಬರಲಿಲ್ಲ. ಲೋಟದಲ್ಲಿ ಒಬ್ಬರಿಗೆ ಸಾಕಾಗುವಷ್ಟು ಎತ್ತರಕ್ಕೆ ಒಂದು ಗೀರು ಹಾಕಬೇಕಿತ್ತು. ಅರ ತೆಗೆದುಕೊಂಡು ಕೂತ, ಎದ್ದ, ಮತ್ತೆ ಕೂತ. ಮೊದಲ ವಾರವೆಲ್ಲ ತುಂಬಿದ ಲೋಟವನ್ನೇ ಬೇಯಿಸಿ, ಅವಳ ಪಾಲನ್ನು ಪಾತ್ರೆಯಲ್ಲೇ ಬಿಟ್ಟು, ಬೆಳಿಗ್ಗೆ ಹಿತ್ತಿಲ ಗೋಡೆಯ ಮೇಲೆ ಹಕ್ಕಿಗಳಿಗೆ ಇಟ್ಟ. ಎಂಟನೆಯ ದಿನ ಗೀರು ಹಾಕಿದ. ಅರ್ಧಕ್ಕಿಂತ ಒಂದು ಎಳೆ ಮೇಲೆ. ಅಳತೆ ಸರಿಯಾಗಿತ್ತು. ಅವತ್ತು ರುಚಿ ಮಾತ್ರ ಯಾವುದೂ ತಿಳಿಯಲಿಲ್ಲ.

ಮೂರು ತಿಂಗಳ ಮೇಲೆ ರಕ್ತದ ಚೀಟಿಯಲ್ಲಿ ಏಳೂವರೆ ಬಂತು. ಊಟದ ಮೇಡಂ ಹುಬ್ಬೇರಿಸಿದಳು. "ಭಲೇ ಯಜಮಾನ್ರೇ! ಕೊನೆಗೂ ನನ್ನ ಮಾತು ಕೇಳಿದ್ರಿ."

"ನಿನ್ನ ಮಾತಲ್ಲ" ಎಂದ ಮುಳ್ಳಯ್ಯ. ಚೀಟಿ ಮಡಚಿಕೊಳ್ಳುತ್ತಾ, "ನೀನು ಸೌಟು ಕೇಳಿದ್ದು ಮಾತ್ರ ಸರಿ ಇತ್ತಮ್ಮ" ಎಂದು ಸೇರಿಸಿದ. ಅವನ ಬಾಯಿಂದ ಅಷ್ಟು ಬಂದರೆ ದೊಡ್ಡದು.

ಎಡಗಣ್ಣಿನ ಆಪರೇಷನ್ ಆಯಿತು. ನಾದಿನಿ ಎರಡು ದಿನ ಇದ್ದು ಹನಿ ಹಾಕಿ, ಬೈದು, ಹೋದಳು. ಪಟ್ಟಿ ಬಿಚ್ಚಿದ ಕಣ್ಣಿನಿಂದ ಅವನು ಮನೆಯಲ್ಲಿ ಮೊದಲು ನೋಡಿದ್ದು ಸೌಟಿನ ಅಂಚನ್ನು. ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿದ. ಹೊರಮೈ ಮೇಲೆ, ಕೆಳಗಿನ ತನಕ, ಹಳೆಯ ಗೀರುಗಳು ಅಡ್ಡಾದಿಡ್ಡಿಯಾಗಿ ಹೋಗಿದ್ದವು. ಅರ ಹಿಡಿಯಲು ಬಾರದವಳ ಕೈ, ಜಾರಿ ಜಾರಿ ಮಾಡಿದ ಗಾಯಗಳು. ಎಲ್ಲಕ್ಕಿಂತ ಮೇಲೆ, ಅಂಚಿನಲ್ಲೇ ಇದ್ದ ಕೊನೆಯ ಗೀರುಗಳು ನೇರವಾಗಿದ್ದವು. ಒಂದೇ ಒತ್ತು, ಒಂದೇ ಓರೆ. ಹನ್ನೊಂದು ವರ್ಷದಲ್ಲಿ ಕೈ ಪಳಗಿತ್ತು. ಅಂಗಡಿಯಲ್ಲಿ ಪಕ್ಕಕ್ಕೆ ಕೂರಿಸಿಕೊಂಡು ಕೆಲಸ ಹೇಳಿಕೊಡಬಹುದಾದಂಥ ಕೈ.

ಊಟ ಮುಗಿಸಿ, ತಟ್ಟೆ ತೊಳೆದಿಟ್ಟು, ಚಪ್ಪಲಿ ಮೆಟ್ಟಿದ. ಉಂಡ ಮೇಲಿನ ಆ ಒಂದು ಸುತ್ತಿಗೆ, ಪಕ್ಕದ ಅಂಗಡಿ ದಾಟಿ ಬೀದಿ ಕೊನೆಯ ತನಕ ನಡೆದ.

"ಏನಣ್ಣ, ಬೆಂಕಿಪೊಟ್ಟಣವಾ?" ಎಂದಳು ಅಂಗಡಿಯವಳು, ಕೇಳುವ ಮೊದಲೇ ಕೈಗೆತ್ತಿಕೊಂಡು. "ದಿನಾ ಒಯ್ತೀರಲ್ಲ, ಅಷ್ಟೊಂದು ಏನು ಹಚ್ತೀರಿ?"

"ಮುಗಿದುಹೋಗಿದೆ" ಎಂದ ಮುಳ್ಳಯ್ಯ.

ಮನೆಗೆ ಬಂದು ಬಾಗಿಲು ತೆಗೆದ. ಅಭ್ಯಾಸಬಲದಿಂದ "ತಂದೆ ಕಣೇ" ಎಂದ. ಆಮೇಲೆ ಒಳಗೆ ಹೋಗಿ, ಅಕ್ಕಿ ಡಬ್ಬಿಯ ಹಿಂದೆ, ಅವಳು ಇಡುತ್ತಿದ್ದ ಸಾಲಿನಲ್ಲೇ, ಅದನ್ನೂ ನೇರವಾಗಿ ಇಟ್ಟ.